ತಿಪ್ಪೆಯಿಂದ ಎತ್ತಿಕೊಂಡ ಕೂಸು

ಕೊಟ್ಟೂರು
5-6-2003, ಗುರುವಾರ

ಪ್ರೀತಿಯ ಅಮೃತಾಳ ಅಪ್ಪನವರಿಗೆ,

ನಿಮ್ಮ ಸುಕನ್ಯಾ ಮಾಡುವ ನಮಸ್ಕಾರಗಳು. ಸೊಂಟದ ನೋವು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಶೀಶೆಯನ್ನು ಟ್ರಂಕಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀರೋ? ಪುತ್ತೂರಿನಲ್ಲಿ ಈಗ ಮಳೆ ಹಿಡಿದಿರಬೇಕು. ಇಲ್ಲಿ ಮೋಡಗಳು ಬಂದು ಮುಖ ತೋರಿಸಿ ಹೋಗುತ್ತಿವೆ, ಅಷ್ಟೆ. ಘಾಟಿಯ ರೂಟು ಬಿದ್ದರೆ ಬಸ್ಸನ್ನು ನಿಧಾನವಾಗಿ ಓಡಿಸಿ, ಪ್ಯಾಸೆಂಜರುಗಳು ಗೊಣಗಿದರೆ ಗೊಣಗಲಿ. ಆ ಕುಚಲಕ್ಕಿ ಅನ್ನ ಇನ್ನಾದರೂ ಹೊಟ್ಟೆಗೆ ಒಗ್ಗಿತೇ? ಶಿವರಾತ್ರಿಗೆ ಬಂದಾಗ ನೀವು ರೊಟ್ಟಿ ತಿಂದ ಪರಿಯನ್ನು ನೋಡಿ ಪಕ್ಕದ ಮನೆಯ ಹುಲುಗಮ್ಮ, "ಡ್ರೈವರ್ ಸಾಹೇಬ್ರಿಗೆ ಆ ಊರಾಗ ಯಾರೂ ಉಣ್ಣಾಕ ಹಾಕಂಗಿಲ್ಲೇನು?" ಅಂತ ಕೇಳಿದ್ದು ನೆನಪಾದರೆ ಈಗಲೂ ನಗು ಬರುತ್ತದೆ. ನಗು ಬಂದದ್ದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಅದು ಈಚೆಗೆ ಅಪರೂಪವಾಗಿದೆ.

ಫೋನಿನಲ್ಲಿ ಹೇಳಿದರೆ ಆಗುತ್ತಿರಲಿಲ್ಲವೇ, ಈ ಕಾಲದಲ್ಲಿ ಕಾಗದ ಯಾಕೆ ಅಂತ ನೀವು ಅಂದುಕೊಳ್ಳಬಹುದು. ವೀರಭದ್ರಯ್ಯನವರ ಕಿರಾಣಿ ಅಂಗಡಿಯ ಫೋನು ನಿಮಗೆ ಗೊತ್ತೇ ಇದೆ. ನಿಮ್ಮ ಫೋನು ಬಂದ ಕೂಡಲೇ ಅವರು ಓಣಿಗೆಲ್ಲ ಕೇಳುವ ಹಾಗೆ, "ಪುತ್ತೂರು ಫೋನ್ ಬಂದೈತಿ, ಲಗೂನ ಬಾರವ್ವಾ!" ಅಂತ ಕೂಗುತ್ತಾರೆ. ನಾನು ಒಂದು ಕೂಸನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದನ್ನು ಕೈ ಹಿಡಿದು ಎಳೆದುಕೊಂಡು ಓಡಿ ಬರುವುದರೊಳಗೆ ಅಲ್ಲಿ ಬೆಲ್ಲ ಕೊಳ್ಳಲು ಬಂದವರೆಲ್ಲ ಬೆಲ್ಲ ಮರೆತು ನನ್ನ ಬಾಯಿ ನೋಡುತ್ತ ನಿಂತಿರುತ್ತಾರೆ. ನೀವು "ಮಕ್ಕಳು ಹೆಂಗದಾರ?" ಅಂತ ಕೇಳುತ್ತೀರಿ. ನಾನು "ಚಲೋ ಅದಾರ" ಅನ್ನುತ್ತೇನೆ. ಅಷ್ಟರಲ್ಲಿ ಹಾಲಸ್ವಾಮಿ ವೈರು ಹಿಡಿದು ಎಳೆಯುತ್ತಾನೆ, ನೀವು "ಇಡ್ತೀನಿ ನೋಡು" ಅನ್ನುತ್ತೀರಿ. ಹಾಲಸ್ವಾಮಿ ಹುಟ್ಟಿದಾಗಿನಿಂದ ನಿಮಗೆ ಗೊತ್ತಿರುವ ನಮ್ಮ ಮನೆಯ ಸುದ್ದಿ ಎಂದರೆ ಆ "ಚಲೋ ಅದಾರ" ಒಂದೇ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಹಾಲಸ್ವಾಮಿ ತೊಟ್ಟಿಲಲ್ಲಿ ಮಲಗಿದ್ದಾನೆ, ಹಗ್ಗವನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡಿದ್ದೇನೆ. ಅಕ್ಷರ ಅಲ್ಲಲ್ಲಿ ಸೊಟ್ಟ ಕಂಡರೆ ಅದು ತೊಟ್ಟಿಲಿನ ಜಗ್ಗಾಟ.

ಒಂದು ಕೂಸಿಗೆ ಒಂದು ಪಾಲು ಕೆಲಸ, ಎರಡು ಕೂಸಿಗೆ ಎರಡು ಪಾಲು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ ಅದು. ಒಂದು ಮಲಗಿದಾಗ ಇನ್ನೊಂದು ಏಳುತ್ತದೆ, ಒಂದಕ್ಕೆ ಉಣಿಸಲು ಕೂತರೆ ಇನ್ನೊಂದಕ್ಕೆ ಆಗಲೇ ಹೊರಗೆ ಹೋಗಬೇಕಾಗುತ್ತದೆ, ಒಂದು ಅತ್ತರೆ ಇನ್ನೊಂದು ಯಾಕೆ ಏನು ಅಂತ ಕೇಳದೆ ದನಿಗೂಡಿಸುತ್ತದೆ. ರೊಟ್ಟಿ ತಟ್ಟುತ್ತ ಹಿಟ್ಟಿನ ಕೈಯಲ್ಲೇ ಹಾಲಸ್ವಾಮಿಯನ್ನು ಒಲೆಯ ಹತ್ತಿರದಿಂದ ಎಳೆದು ತರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿದಾಗಿರುತ್ತದೆ. ಅಮೃತಾ ಎಲ್ಲ ಬಲ್ಲವಳಾಗಿದ್ದಳಲ್ಲ, ಉಚ್ಚೆಗೆ ತಾನೇ ಬಚ್ಚಲಿಗೆ ಹೋಗುತ್ತಿದ್ದಳಲ್ಲ, ತಮ್ಮ ಹುಟ್ಟಿದ ಮೇಲೆ ಎಲ್ಲ ಮರೆತುಬಿಟ್ಟಳು. ಹಾಸಿಗೆ ಒದ್ದೆ ಮಾಡುವುದು, ಅಂಬೆಗಾಲಿಡುವುದು, ಮಾತು ಬರುವವಳು ಬರದವರ ಹಾಗೆ ಊಂ ಊಂ ಅನ್ನುವುದು. ತೊಟ್ಟಿಲಲ್ಲಿ ತನ್ನನ್ನೂ ಹಾಕಿ ತೂಗು ಅಂತ ಹಟ. ಒಂದು ದಿನ ಹಾಕಿದೆ ಕೂಡ. ಕಾಲು ಹೊರಗೆ ಚಾಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ನಿದ್ದೆ ಬಂದವಳ ಹಾಗೆ ನಟಿಸುತ್ತ ಎಷ್ಟೋ ಹೊತ್ತು ಮಲಗಿದ್ದಳು. ಹಾಲಸ್ವಾಮಿ ಚೀರಿದ್ದಕ್ಕೆ ಎಬ್ಬಿಸಿದೆ. ಅವನು ಹೊಟ್ಟೆಯಲ್ಲಿದ್ದಾಗ ಅವಳ ಹಾಲು ಬಿಡಿಸಲು ನಾನು ಬೇವಿನ ಎಲೆ ಅರೆದು ಎದೆಗೆ ಹಚ್ಚಿಕೊಂಡಿದ್ದು ನಿಮಗೆ ಗೊತ್ತಲ್ಲ. ಮೊನ್ನೆ ಯುಗಾದಿಯ ಮರುದಿನ ಅವನಿಗೆ ಹಾಲು ಕುಡಿಸುತ್ತಿದ್ದೆ. ಇವಳು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದವಳು, "ಅಮ್ಮಾ, ಅವಂಗ್ಯಾಕ ಬೇವು ಹಚ್ಚಿಲ್ಲ?" ಅಂದಳು. ಆಟಕ್ಕೆ ಹೋಗು ಅಂದೆ.

ನಮ್ಮವ್ವ ತಂಬ್ರಹಳ್ಳಿಯಿಂದ ಬಂದು ಬಾಣಂತನ ಮಾಡಿ ಹೋದವಳು ಮತ್ತೆ ಬರಲಾಗಿಲ್ಲ. ನನ್ನ ತಮ್ಮನ ಹೆಂಡತಿ ಈಗ ಬಸುರಿ, ಅವಳಿಗೆ ಎದ್ದು ಓಡಾಡಬಾರದು ಅಂದಿದ್ದಾರಂತೆ. ನಿಮ್ಮ ತಾಯಿ ಇದ್ದಿದ್ದರೆ ಅನ್ನುವುದು ಬಿಟ್ಟುಬಿಟ್ಟಿದ್ದೇನೆ. ಪುತ್ತೂರಿಗೆ ನಾವೇ ಬರೋಣವೆಂದರೆ ನಿಮ್ಮದು ಡ್ರೈವರುಗಳೆಲ್ಲ ಸೇರಿ ಹಿಡಿದ ರೂಮು. ನೀವು ಬಳ್ಳಾರಿ ಕಡೆಗೆ ವರ್ಗ ಕೇಳಿ ಕೇಳಿ ಬಾಯಿ ಒಣಗಿಸಿಕೊಂಡಿದ್ದೀರಿ. ಅಮೃತಾ ಹೊಟ್ಟೆಯಲ್ಲಿದ್ದಾಗ "ಈ ವರ್ಷ ಆಗುತ್ತೆ" ಅಂದಿರಿ, ಅವಳು ನಡೆಯಲು ಕಲಿತಾಗಲೂ ಅಂದಿರಿ, ಹಾಲಸ್ವಾಮಿಯ ಹೆಸರಿಡುವ ದಿನವೂ ಅಂದಿರಿ. ನಾನು ಅದನ್ನು ಈಗ ನಂಬುವುದಿಲ್ಲ. ನಿಮ್ಮ ಮೇಲೆ ಸಿಟ್ಟಲ್ಲ ಇದು, ಸಿಟ್ಟು ಬರಲಿಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು.

ಈಗ ನಿಮ್ಮ ಅಕ್ಕ ಗುರುಬಸಮ್ಮನವರ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಅಮೃತಾಳನ್ನು ತಿಪ್ಪೆಗೆ ಹಾಕಿದ ದಿನ ನೆನಪು ಮಾಡಿಕೊಳ್ಳಿ. ನಮ್ಮ ಚೊಚ್ಚಲ ಕೂಸು ಹೆಸರಿಡುವ ಮೊದಲೇ ಹೋಗಿತ್ತು. ಅದರ ಹಿಂದೆ ಹುಟ್ಟಿದ್ದನ್ನು ತಿಪ್ಪೆಯಲ್ಲಿ ಮಲಗಿಸಬೇಕು, ಬೇರೆ ಹೆಂಗಸೊಬ್ಬಳು ಎತ್ತಿಕೊಳ್ಳಬೇಕು, ಆಮೇಲೆ ನಾವು ಒಂದು ಮೊರ ಜೋಳ ಕೊಟ್ಟು ಅವಳಿಂದ ಕೊಂಡುಕೊಳ್ಳಬೇಕು, ಆಗ ಇದು ಹೆತ್ತ ಕೂಸಲ್ಲ, ಕೊಂಡ ಕೂಸು ಅಂತ ಸಾವು ಹಿಂದಿರುಗಿ ಹೋಗುತ್ತದೆ ಅಂತ ನಮ್ಮವ್ವ ಹಟ ಹಿಡಿದಳು. ಐದು ಮಕ್ಕಳ ತಾಯಿ ಹುಲುಗಮ್ಮ ಎತ್ತಿಕೊಳ್ಳುವುದು ಅಂತ ಮಾತಾಗಿತ್ತು. ಆ ದಿನ ನೋಡಿದರೆ ಅವಳಿಗೆ ಮೈ ಸುಡುವ ಜ್ವರ. ಆಗ ನೀವೇ ಅಂದಿರಿ, "ನಮ್ಮಕ್ಕನ ಎತ್ತಿಗೊಳ್ಳಲಿ ಬಿಡ್ರಿ, ಆಕಿಗೂ ಒಂದು ಖುಷಿ." ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ ಹುಲುಗಮ್ಮ ಅಲ್ಲಿಂದಲೇ ಕೂಗಿದ್ದು ನಿಮಗೂ ಕೇಳಿಸಿತ್ತು: "ಮಕ್ಕಳಿಲ್ಲದಾಕಿ ಕೈಯಾಗ ಆಟಕ್ಕೂ ಕೂಸು ಕೊಡಬ್ಯಾಡ್ರೋ. ಎದಿಗೆ ಹಿಡಕಂಡ್ಲು ಅಂದ್ರ ಬಿಡಾಕ ಆಗಂಗಿಲ್ಲ ಆಕಿಗೆ." ಗುರುಬಸಕ್ಕ ಎತ್ತಿಕೊಂಡರು. ನಮ್ಮವ್ವ ಜೋಳದ ಮೊರ ಮುಂದೆ ಹಿಡಿದರೆ ಅಕ್ಕ ಮೊರ ನೋಡಲೇ ಇಲ್ಲ. ಕೂಸಿನ ಮುಖವನ್ನೇ ನೋಡುತ್ತ ನಿಂತುಬಿಟ್ಟರು. ಎಲ್ಲರೂ ನಕ್ಕರು, ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ. ತಿಪ್ಪೆಯ ಕೂಸಿಗೆ ತಿಪ್ಪಮ್ಮ ಅಂತ ಹೆಸರಿಡಬೇಕಿತ್ತು, ನನಗೆ ಮನಸ್ಸಾಗದೆ ಅಮೃತಾ ಅಂದೆ. ಅಕ್ಕ ಮಾತ್ರ ಅವತ್ತಿನಿಂದ "ತಿಪ್ಪವ್ವ" ಅಂತಲೇ ಕರೆಯುತ್ತಾರೆ. "ಇದು ಮೊದ್ಲು ನನ್ನ ಕೂಸು, ಆಮ್ಯಾಗ ನಿಂದು" ಅಂತ ಬಂದಾಗಲೆಲ್ಲ ತಮಾಷೆ ಮಾಡುತ್ತಾರೆ. ಅದು ತಮಾಷೆಯಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ದಿನ ನಡೆದದ್ದನ್ನು ನಿಮಗೆ ಹೇಳಿಲ್ಲ. ನಲ್ಲಿಗೆ ನೀರು ಬಂದಿತ್ತು. ನಿಮಗೆ ಗೊತ್ತು, ಇಲ್ಲಿ ನೀರು ಬಂತೆಂದರೆ ಮದುವೆ ಮನೆ ಬಿಟ್ಟೂ ಓಡಬೇಕು. ಹಾಲಸ್ವಾಮಿ ತೊಟ್ಟಿಲಲ್ಲಿ ನಿದ್ದೆಯಲ್ಲಿದ್ದ. ಅಮೃತಾಳಿಗೆ "ತಮ್ಮನ್ನ ನೋಡ್ಕ, ಎದ್ರ ಕೂಗು" ಅಂತ ಹೇಳಿ ಕೊಡ ಹಿಡಿದು ಹೋದೆ. ನಲ್ಲಿಯ ಹತ್ತಿರ ಸರದಿಯ ಜಗಳ, ಸ್ವಲ್ಪ ತಡವಾಯಿತು. ಬಂದು ನೋಡಿದರೆ ಮನೆಯಲ್ಲಿದ್ದ ಕೌದಿಗಳೆಲ್ಲ ತೊಟ್ಟಿಲಲ್ಲಿ. ಒಂದರ ಮೇಲೊಂದು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಮೈಯೆಲ್ಲ ಭಾರ ಹಾಕಿ ಇವಳು ಜೋತುಬಿದ್ದು ತೂಗುತ್ತಿದ್ದಾಳೆ. ಆ ಬಿಸಿಲಿನಲ್ಲಿ! ಕೂಸಿನ ಸದ್ದೇ ಇಲ್ಲ. ಎಳೆದು ತೆಗೆದೆ. ಮುಖ ಕೆಂಪಾಗಿ ಕಪ್ಪಾಗಿತ್ತು, ಮೈ ಬೆವರಿನಲ್ಲಿ ತೊಯ್ದು ಕೈಕಾಲು ಜೋತುಬಿದ್ದಿದ್ದವು. ನಾನು ಹೇಗೆ ಚೀರಿದೆನೋ, ಹುಲುಗಮ್ಮ ಓಡಿ ಬಂದು ಅವನನ್ನು ಕಿತ್ತುಕೊಂಡು, ಮುಖಕ್ಕೆ ನೀರು ಎರಚಿ, ಬೆನ್ನು ತಟ್ಟಿ ತಟ್ಟಿ ಅಳಿಸಿದಳು. ಅವನು ಅತ್ತ ಮೇಲೆ ನಾನು ಅಮೃತಾಳ ಕಡೆ ತಿರುಗಿದೆ. "ಚಳಿ ಆಗಿತ್ತಮ್ಮಾ ಅವಂಗ" ಅಂದಳು. ಹೊಡೆದೆ. ಒಂದೆರಡು ಏಟಲ್ಲ. ಕೈ ನಿಲ್ಲಲಿಲ್ಲ. "ಬಿಡಬೇ ಸುಕನ್ಯಾ, ಸತ್ತುಗಿತ್ತಾಳು ಹುಡುಗಿ" ಅಂತ ಹುಲುಗಮ್ಮ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದ ಮೇಲೇ ನಿಂತಿದ್ದು. ಅಮೃತಾ ಪ್ರೀತಿಯಿಂದ ಹೊದಿಸಿದಳೋ, ಇನ್ನೊಂದರಿಂದ ಹೊದಿಸಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿರಲಾರದು, ಅವಳಿನ್ನೂ ಕೂಸು.

ಹೂವಿನಹಡಗಲಿಗೆ, ಅಕ್ಕನ ಮನೆಗೆ, ಸುದ್ದಿ ಮುಟ್ಟಿಸಿದ್ದು ಹುಲುಗಮ್ಮ. ಮರುದಿನವೇ ಗುರುಬಸಕ್ಕ ಮೊದಲನೇ ಬಸ್ಸಿಗೆ ಬಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅಮೃತಾಳ ತೋಳಿನ ಬಾಸುಂಡೆಗೆ ಅರಿಷಿಣ ಹಚ್ಚಿದರು, ತಲೆ ಬಾಚಿದರು, "ಹದಿನೈದು ದಿನ ನಮ್ಮೂರಾಗ ಇದ್ದು ಬರಲಿ, ನೀನೂ ಒಂದೀಟು ಉಸಿರು ತಗ" ಅಂತ ಹೇಳಿ ಕರೆದುಕೊಂಡು ಹೋದರು. ನಿಮಗೆ ಫೋನಿನಲ್ಲಿ ಸೂಟಿಗೆ ಅತ್ತೆಯ ಮನೆಗೆ ಹೋಗಿದ್ದಾಳೆ ಅಂದೆನಲ್ಲ, ಅದು ಇದೇ. ಅವಳು ಹೋದ ದಿನ ನಾನು ಅತ್ತುಬಿಟ್ಟೆ. ಎರಡನೆಯ ದಿನ ಹಾಲಸ್ವಾಮಿ ಮಲಗಿದಾಗ ನಾನೂ ಮಲಗಿದೆ. ಬಿಸಿ ರೊಟ್ಟಿಯನ್ನು ಬಿಸಿಯಾಗಿರುವಾಗಲೇ ತಿಂದೆ. ಕನ್ನಡಿ ನೋಡಿಕೊಂಡು ತಲೆ ಬಾಚಿಕೊಂಡೆ. ಇವನು ನನ್ನ ಮುಖ ನೋಡಿ ಕೇಕೆ ಹಾಕಿ ನಗುತ್ತಾನೆ ಅಂತ ಆಗಲೇ ನನಗೆ ಗೊತ್ತಾಗಿದ್ದು, ಅಲ್ಲಿಯವರೆಗೆ ನೋಡಲು ಪುರುಸೊತ್ತೇ ಇರಲಿಲ್ಲ. ಒಂದೇ ಮಗುವಿನ ತಾಯಿ ಎಷ್ಟು ಒಳ್ಳೆಯವಳಾಗಿರಬಹುದು ನೋಡಿ! ಹದಿನೈದು ದಿನ ತಿಂಗಳಾಯಿತು, ತಿಂಗಳು ದಾಟಿತು. ಕಳಿಸಿ ಅಂತ ನಾನು ಹೇಳಿ ಕಳಿಸಲಿಲ್ಲ. ಅವರೂ ಕಳಿಸಲಿಲ್ಲ.

ಕಳೆದ ಶನಿವಾರ ಅಕ್ಕ ಅವಳನ್ನು ಕರೆದುಕೊಂಡು ಬಂದಿದ್ದರು. ಗುಂಡು ಗುಂಡಾಗಿದ್ದಾಳೆ, ಕೆನ್ನೆ ಬಂದಿದೆ, ಎರಡು ಜಡೆಗೆ ಕೆಂಪು ರಿಬ್ಬನ್ನು. ಗುರುಬಸಕ್ಕನನ್ನು ಅತ್ತಿ ಅನ್ನುತ್ತಿದ್ದವಳು ಈಗ "ಅವ್ವ" ಅನ್ನುತ್ತಾಳೆ. ಯಾರೂ ಕಲಿಸಿಲ್ಲ, ತಾನೇ ಶುರು ಮಾಡಿದಳಂತೆ. ನಾನು "ಅಮೃತಾ" ಅಂತ ಕರೆದೆ, ಬಾಗಿಲಲ್ಲಿ ರಿಬ್ಬನ್ನು ಸರಿ ಮಾಡಿಕೊಳ್ಳುತ್ತ ನಿಂತೇ ಇದ್ದಳು. ಅಕ್ಕ "ತಿಪ್ಪವ್ವಾ, ನಿಮ್ಮಮ್ಮ ಕರೀತಾಳ ನೋಡು" ಅಂದ ಮೇಲೆ ತಿರುಗಿದಳು. ತೊಟ್ಟಿಲಿನ ಹತ್ತಿರ ಬಾ, ತಮ್ಮ ಎಷ್ಟು ದೊಡ್ಡವನಾಗಿದ್ದಾನೆ ನೋಡು ಅಂದೆ. ಅಷ್ಟು ದೂರದಲ್ಲೇ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ನಾ ಮುಟ್ಟಲ್ಲಮ್ಮ" ಅಂದಳು. ಎತ್ತಿಕೊಂಡು ಮುದ್ದು ಮಾಡಿದೆ, ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟೆ, ಇನ್ನು ಎಲ್ಲಿಗೂ ಕಳಿಸುವುದಿಲ್ಲ ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಅಕ್ಕ ಯಾರನ್ನೋ ಮಾತಾಡಿಸಿಕೊಂಡು ಬರುತ್ತೇನೆ ಅಂತ ಹೊರಗೆ ಹೋದರು. ಅವರು ಹೋಗಿ ಇನ್ನೂ ಬೀದಿ ತಿರುಗಿರಲಿಕ್ಕಿಲ್ಲ, ಹಾಲಸ್ವಾಮಿ ಎದ್ದು ಅಳಲು ಶುರು ಮಾಡಿದ, ಹಾಲು ಉಕ್ಕಿತು, ಇವಳ ಕೈಯಲ್ಲಿದ್ದ ತಟ್ಟೆ ಬಿದ್ದು ಮಂಡಕ್ಕಿ ಮನೆ ತುಂಬಾ ಚೆಲ್ಲಿತು. ನಾನು ಒಲೆಯ ಮೇಲಿನ ಪಾತ್ರೆ ಇಳಿಸಲು ಅರಿವೆಗೆ ಕೈ ಚಾಚಿದೆ. ಬರೀ ಅರಿವೆಗೆ, ದೇವರಾಣೆ. ಅವಳು ತಟ್ಟನೆ ಗೋಡೆಗೆ ಒತ್ತಿಕೊಂಡು ಎರಡು ಕೈಯಲ್ಲೂ ತಲೆ ಮುಚ್ಚಿಕೊಂಡಳು. ಹಾಗೇ ಕೂತಿದ್ದಳು, ಅಳಲೂ ಇಲ್ಲ. ನಾನು ಮುಂದೆ ಹೋಗಿ ಮುಟ್ಟಲಿಲ್ಲ. ಮುಟ್ಟಿದರೆ ಏನು ತಿಳಿದುಕೊಳ್ಳುತ್ತಾಳೋ ಅಂತ ನನಗೇ ಹೆದರಿಕೆಯಾಯಿತು.

ಅವತ್ತು ಹೊರಡುವ ಮುಂಚೆ ಅಕ್ಕ ಮಾತು ತೆಗೆದರು. ನಿಮ್ಮ ಭಾವ ಕೊಟ್ರಸ್ವಾಮಿಯವರು ಹಡಗಲಿಯಲ್ಲಿ ಎಲ್‌ಕೆಜಿಗೆ ಅವಳನ್ನು ಸೇರಿಸಲು ಮಾತಾಡಿಕೊಂಡು ಬಂದಿದ್ದಾರಂತೆ, ಯೂನಿಫಾರ್ಮಿಗೆ ಅಳತೆಯನ್ನೂ ಕೊಟ್ಟಿದ್ದಾರಂತೆ. "ಇಲ್ಲೊಂದಿನ ಅಲ್ಲೊಂದಿನ ಅಂದ್ರ ಹುಡುಗಿ ಎಲ್ಲಿಗೂ ಸಲ್ಲಾಂಗಿಲ್ಲ ಸುಕನ್ಯಾ. ಕೊಡೋದಾದ್ರ ಗುರುಗಳ ಮುಂದ ಉಡ್ಯಾಗ ಹಾಕಿ ಕೊಟ್ಬಿಡು. ಇಲ್ಲಾಂದ್ರ ಇವತ್ತ ಇಲ್ಲೇ ಬಿಟ್ಟು ಹೋಕ್ಕೀನಿ, ಮತ್ತ ಕರಕೊಂಡು ಹೋಗಾಕ ಬರಂಗಿಲ್ಲ ನಾನು. ನನಗೂ ಎದಿ ಐತಿ" ಅಂದರು. ಅಳುತ್ತ ಅಂದರು. ನಿಮ್ಮನ್ನು ಕೇಳಿ ಹೇಳುತ್ತೇನೆ ಅಂತ ಹೇಳಿ ಅವಳನ್ನು ಅವರ ಜೊತೆಗೇ ಕಳಿಸಿದೆ. ಉಡಿಗೆ ಹಾಕುವುದು ಅಂದರೆ ನಿಮಗೂ ಗೊತ್ತು. ತಿಪ್ಪೆಯ ಹಾಗೆ ಆಟವಲ್ಲ ಅದು, ಮೊರ ಜೋಳ ಕೊಟ್ಟು ಹಿಂದಕ್ಕೆ ತಂದುಕೊಳ್ಳಲಾಗುವುದಿಲ್ಲ. ಮಠದಲ್ಲಿ ನಾಲ್ಕು ಜನರ ಎದುರಿಗೆ ಅವರ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿಯ ಜೊತೆಗೆ ಕೂಸನ್ನು ಕೂರಿಸಿ, ಇನ್ನು ಮುಂದೆ ನಿಮ್ಮದು ಅಂತ ನನ್ನ ಬಾಯಿಂದಲೇ ಹೇಳಬೇಕು. ಆಮೇಲೆ ನಾನು ಅವಳಿಗೆ ಅತ್ತೆ, ನೀವು ಮಾವ. ಹಬ್ಬಕ್ಕೆ ಬಟ್ಟೆ ಕೊಡಿಸಬಹುದು, ಮದುವೆಗೆ ಅಕ್ಕಿಕಾಳು ಹಾಕಬಹುದು. ಹುಲುಗಮ್ಮನನ್ನು ಕೇಳಿದೆ. "ನಾ ಅವತ್ತ ಕೂಗಿದ್ದೆ, ಯಾರು ಕೇಳಿದ್ರಿ?" ಅಂದಳು. ಆಮೇಲೆ, "ಇನ್ನೊಂದು ಸಲ ನಿನ್ನ ಜಡಿ ಎಳಿಯಾಕ ನಾ ಮನ್ಯಾಗ ಇರ್ತೀನೋ ಇಲ್ಲೋ ಯವ್ವಾ" ಅಂದಳು.

ಈಗ ಹೇಳಿ, ನೀವು ಏನನ್ನುತ್ತೀರಿ? ನಮ್ಮ ಬಡತನಕ್ಕೆ ಕೂಸು ಕೊಡುವುದಲ್ಲ ಇದು, ಹೆಣ್ಣು ಅಂತ ಕೊಡುವುದೂ ಅಲ್ಲ. ಊರು ಹಾಗೇ ಅನ್ನುತ್ತದೆ, ಗಂಡು ಹುಟ್ಟಿತಲ್ಲ, ಹೆಣ್ಣನ್ನು ದಾಟಿಸಿದಳು ಅಂತ. ಅನ್ನಲಿ. ಎರಡು ಮಕ್ಕಳನ್ನು ಎಲ್ಲರೂ ಸಾಕುತ್ತಾರೆ, ಹುಲುಗಮ್ಮ ಐದು ಸಾಕಿದ್ದಾಳೆ, ಇವಳೊಬ್ಬಳಿಗೆ ಏನಾಗಿದೆ ಅಂತ ನಿಮಗೂ ಅನ್ನಿಸಬಹುದು. ನನಗೂ ದಿನಾ ಅನ್ನಿಸುತ್ತದೆ. ನನ್ನಿಂದ ಆಗುತ್ತಿಲ್ಲ ಅನ್ನುವುದೊಂದು ಗೊತ್ತು. ಅವಳನ್ನು ಕಂಡರೆ ನನಗೆ ಪ್ರೀತಿ ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಈ ಮನೆಯಲ್ಲಿ ಅವಳ ಸಣ್ಣ ಚಪ್ಪಲಿ ಇನ್ನೂ ಬಾಗಿಲಲ್ಲೇ ಇವೆ, ಕಸ ಗುಡಿಸುವಾಗ ಅವನ್ನು ಎತ್ತಿ ಮತ್ತೆ ಅಲ್ಲೇ ಇಡುತ್ತೇನೆ. ಅವು ಈಗ ಅವಳ ಕಾಲಿಗೆ ಆಗುವುದೂ ಇಲ್ಲ.

ಹಾಲಸ್ವಾಮಿ ಮಿಸುಕುತ್ತಿದ್ದಾನೆ, ಮುಗಿಸುತ್ತೇನೆ. ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ಮಳೆಯಲ್ಲಿ ಒದ್ದೆ ಬಟ್ಟೆಯಲ್ಲೇ ಡ್ಯೂಟಿಗೆ ಹೋಗಬೇಡಿ. ನಿಮ್ಮ ರೂಮಿನವರಿಗೆಲ್ಲ ನಮಸ್ಕಾರ ತಿಳಿಸಿ. ಕೊಟ್ಟೂರಿನ ಗುರುಗಳು ನಿಮ್ಮ ಬಸ್ಸನ್ನೂ ನಿಮ್ಮನ್ನೂ ದಾರಿಯಲ್ಲಿ ಕಾಯಲಿ. ಇಲ್ಲಿ ನಮ್ಮನ್ನು ಯಾರು ಕಾಯಬೇಕೋ ಅವರಿಗೆ ಪುರುಸೊತ್ತಾದಾಗ ಕಾಯಲಿ.

ನಿಮ್ಮ
ಸುಕನ್ಯಾ

ತಾ.ಕ.: ಮೇಲೆ ಕೇಳಿದ್ದಕ್ಕೆ ಉತ್ತರ ಬರೆಯಬೇಡಿ. ಉಡಿಗೆ ಹಾಕುವುದು ಬರುವ ಸೋಮವಾರವೇ. ನೀವು ಒಪ್ಪಿದ್ದೀರಿ, ಫೋನಿನಲ್ಲಿ ಹೇಳಿದಿರಿ ಅಂತ ಅಕ್ಕನಿಗೆ ನಾನೇ ಹೇಳಿದ್ದೇನೆ. ಅವರ ಮೇಲೆ ಸಿಟ್ಟಾಗಬೇಡಿ, ಅವರಿಗೆ ಗೊತ್ತಿಲ್ಲ. ಈ ಕಾಗದವನ್ನು ಶನಿವಾರ ಸಂಜೆ, ಟಪಾಲು ತೆಗೆದುಕೊಂಡು ಹೋದ ಮೇಲೆ ಡಬ್ಬಿಗೆ ಹಾಕುತ್ತೇನೆ. ಭಾನುವಾರ ತೆಗೆಯುವುದಿಲ್ಲ. ನಿಮ್ಮ ಕೈ ಸೇರುವ ಹೊತ್ತಿಗೆ ಬುಧವಾರವೋ ಗುರುವಾರವೋ ಆಗಿರುತ್ತದೆ. ಫೋನು ಮಾಡಬಹುದಿತ್ತು. ಮಾಡಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ, ಅತ್ತೂ ಬಿಡುತ್ತಿದ್ದಿರಿ. ಬೇಡ ಅಂದು ನೀವು ಫೋನು ಇಡುತ್ತಿದ್ದಿರಿ. ನಾನು ಮನೆಗೆ, ಇಬ್ಬರ ಹತ್ತಿರ, ವಾಪಸು ಬರಬೇಕಾಗಿತ್ತು.